ತಾಯಿ ಸಾಲು, ತಂದೆ ಸಾಲು: ಡಿಎನ್‌ಎ ಹಿಡಿದು ಜನರ ಚರಿತ್ರೆ ಓದುವುದು ಹೇಗೆ

ನಿಮ್ಮ ಅಮ್ಮ, ಅವರ ಅಮ್ಮ, ಆ ಅಜ್ಜಿಯ ಅಮ್ಮ, ಹೀಗೆ ಬರೀ ಹೆಂಗಸರನ್ನೇ ಹಿಡಿದು ಹಿಂದಕ್ಕೆ ಹೋದರೆ ಒಂದು ಸಾಲು ಸಿಗುತ್ತದೆ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಗಂಡಸರನ್ನೇ ಹಿಡಿದು ಹೋದರೆ ಇನ್ನೊಂದು. ಈ ಎರಡೂ ಸಾಲುಗಳ ಗುರುತು ನಮ್ಮ ಜೀವಕೋಶಗಳಲ್ಲಿ ಉಳಿದಿದೆ. ತಾಯಿಯದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ, ತಂದೆಯದು ಗಂಡಸರಲ್ಲಷ್ಟೇ ಇರುವ ವೈ ಕ್ರೋಮೋಸೋಮಿನಲ್ಲಿ. ಉಳಿದ ಡಿಎನ್‌ಎ ಪ್ರತಿ ತಲೆಮಾರಿನಲ್ಲೂ ಕಲಸಿಹೋಗುತ್ತದೆ, ಇವೆರಡು ಮಾತ್ರ ಹೆಚ್ಚುಕಡಿಮೆ ಹಾಗೇ ಇಳಿದು ಬರುತ್ತವೆ, ನಡುವೆ ಅಪರೂಪಕ್ಕೆ ಒಂದು ಅಕ್ಷರ (ಡಿಎನ್‌ಎಯನ್ನು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆಯುತ್ತಾರೆ) ಬದಲಾಗುತ್ತದೆ ಅಷ್ಟೇ. ಆ ಬದಲಾವಣೆ ಮುಂದಿನವರಿಗೆಲ್ಲ ದಾಟುತ್ತದೆ. ಒಂದೇ ಬದಲಾವಣೆ ಹೊತ್ತವರನ್ನೆಲ್ಲ ಒಂದು ಗುಂಪಿಗೆ ಹಾಕಿದರೆ ಅದೇ ಹ್ಯಾಪ್ಲೊಗ್ರೂಪ್.

ಡಿಎನ್‌ಎ ಟೆಸ್ಟ್ ಮಾಡಿಸಿ ರಿಪೋರ್ಟ್ ಬಂದಾಗ ಎಲ್ಲರೂ ಮೊದಲು ನೋಡುವುದು ಈ ಹ್ಯಾಪ್ಲೊಗ್ರೂಪಿನ ಹೆಸರನ್ನೇ. ಹೆಸರು ನೋಡಿದ ಕೂಡಲೇ "ನಾವು ಇಂಥ ಕಡೆಯಿಂದ ಬಂದವರು" ಎಂದು ಹೇಳಿಬಿಡುತ್ತಾರೆ. ಹಾಗೆ ಹೇಳುವಂತಿಲ್ಲ. ಒಂದು ಸಾಲು ಒಂದು ಸಾಲಿನ ಕಥೆಯನ್ನಷ್ಟೇ ಹೇಳುತ್ತದೆ. ಒಂದು ಜನಸಮುದಾಯದ ತಾಯಿ ಸಾಲುಗಳನ್ನೂ ತಂದೆ ಸಾಲುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಚರಿತ್ರೆ ಕಾಣಿಸತೊಡಗುವುದು. ಅದನ್ನು ಮಾಡುವುದು ಹೇಗೆ ಎಂದು ಬರೆಯುತ್ತಿದ್ದೇನೆ. ಕುತೂಹಲಕ್ಕೆ ಓದುವವರಿಗೂ, ಪ್ರಾಜೆಕ್ಟ್ ಮಾಡಬೇಕಾದ ಬಿಎಸ್ಸಿ, ಎಂಎಸ್ಸಿ ವಿದ್ಯಾರ್ಥಿಗಳಿಗೂ ಇದು ಸಾಕು.

ಮೊದಲು ಯಾರ ಸ್ಯಾಂಪಲ್ ಎಂದು ತೀರ್ಮಾನಿಸಿ

ಲ್ಯಾಬು, ಸಾಫ್ಟ್‌ವೇರ್ ಎಲ್ಲ ಆಮೇಲೆ. ಮೊದಲು ಒಂದು ಹಾಳೆ ತೆಗೆದುಕೊಂಡು ಮನೆಯ ವಂಶಾವಳಿ ಬರೆಯಿರಿ. ಮೈಟೊಕಾಂಡ್ರಿಯಾ ತಾಯಿಯಿಂದ ಮಗನಿಗೂ ಮಗಳಿಗೂ ಬರುತ್ತದೆ, ಆದರೆ ಮುಂದಕ್ಕೆ ದಾಟಿಸುವವಳು ಮಗಳು ಮಾತ್ರ. ವೈ ತಂದೆಯಿಂದ ಮಗನಿಗಷ್ಟೇ. ಹಾಗಾಗಿ ಹೆಂಗಸರಿಗೆ ತಮ್ಮ ತಂದೆ ಸಾಲು ಬೇಕಿದ್ದರೆ ಅಪ್ಪನದೋ, ಅಣ್ಣ ತಮ್ಮಂದಿರದೋ, ದೊಡ್ಡಪ್ಪ ಚಿಕ್ಕಪ್ಪಂದಿರದೋ ಸ್ಯಾಂಪಲ್ (ಎಂಜಲು) ಬೇಕು. ಅಮ್ಮನ ಅಪ್ಪನ ವೈ ಬೇಕಿದ್ದರೆ ಸೋದರಮಾವನನ್ನು ಕೇಳಿ. ಅಪ್ಪನ ಅಮ್ಮನ ಸಾಲು ಬೇಕಿದ್ದರೆ ಸೋದರತ್ತೆ, ಇಲ್ಲವೇ ಅವರ ಮಕ್ಕಳು. ನಾಲ್ಕೈದು ಜನರಿಂದ ಮನೆಯ ಹಲವು ಸಾಲುಗಳು ಸಿಕ್ಕಿಬಿಡುತ್ತವೆ.

ಇಲ್ಲಿ ನಮ್ಮ ಕಡೆಯವರು ಗಮನಿಸಲೇಬೇಕಾದ ಒಂದು ವಿಷಯ ಇದೆ. ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಕರ್ನಾಟಕದ ಎಷ್ಟೋ ಮನೆಗಳಲ್ಲಿದೆ. ಅಲ್ಲಿ ಹೆಂಡತಿಯ ತಾಯಿಯೇ ಗಂಡನ ಅಕ್ಕ. ಅಕ್ಕನಿಗೂ ತಮ್ಮನಿಗೂ ಮೈಟೊಕಾಂಡ್ರಿಯಾ ಬಂದದ್ದು ಒಬ್ಬಳೇ ತಾಯಿಯಿಂದ, ಅಂದರೆ ಗಂಡ ಹೆಂಡತಿ ಇಬ್ಬರದೂ ಒಂದೇ ತಾಯಿ ಸಾಲು. ಅವರಿಬ್ಬರನ್ನೂ ಬೇರೆ ಬೇರೆ ಎಂದು ಲೆಕ್ಕಕ್ಕೆ ಸೇರಿಸಿದರೆ ಒಂದೇ ಸಾಲನ್ನು ಎರಡು ಸಲ ಎಣಿಸಿದಂತಾಗುತ್ತದೆ. ಸಮುದಾಯದ ಅಧ್ಯಯನ ಮಾಡುವವರು ಕಡೇಪಕ್ಷ ಮೂರು ತಲೆಮಾರು ಸಂಬಂಧ ಇಲ್ಲದವರನ್ನು ಆರಿಸಿ. ಅಜ್ಜ ಅಜ್ಜಿಯರು ನಾಲ್ವರೂ ಯಾವ ಊರಿನವರು ಎಂದು ಕೇಳಿ ಬರೆದುಕೊಳ್ಳಿ. ಈಗ ಬೆಂಗಳೂರಿನಲ್ಲಿರುವವರ ವಿಳಾಸದಿಂದ ಯಾವ ಪ್ರಯೋಜನವೂ ಇಲ್ಲ, ಅಜ್ಜಿಯ ತವರೂರು ಬೇಕು.

ಗೋತ್ರ, ಬೆಡಗು ತಂದೆ ಕಡೆಯಿಂದ ಬರುತ್ತವೆ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಬಳಿ (ಕುಲ) ತಾಯಿ ಕಡೆಯಿಂದ ಬರುತ್ತದೆ. ಹಾಗಾಗಿ ಗೋತ್ರ ಬೆಡಗುಗಳ ಪ್ರಶ್ನೆ ಇದ್ದರೆ ವೈ ನೋಡಬೇಕು, ಬಳಿಯ ಪ್ರಶ್ನೆ ಇದ್ದರೆ ಮೈಟೊಕಾಂಡ್ರಿಯಾ ನೋಡಬೇಕು. ಒಂದೇ ಗೋತ್ರದವರೆಲ್ಲ ಒಂದೇ ವೈ ಹೊತ್ತಿರುತ್ತಾರೆ ಎಂದು ಮಾತ್ರ ಅಂದುಕೊಳ್ಳಬೇಡಿ. ದತ್ತು ಹೋದವರು, ಬೇರೆ ಕಡೆಯಿಂದ ಬಂದು ಸೇರಿಕೊಂಡವರು ಎಲ್ಲ ಕುಲಗಳಲ್ಲೂ ಇದ್ದಾರೆ. ಇದನ್ನು ಸ್ಯಾಂಪಲ್ ಕೊಡುವವರಿಗೆ ಮೊದಲೇ ಹೇಳಿ. ಮನೆಯವರಿಗೆ ಗೊತ್ತಿಲ್ಲದ ಸಂಗತಿ ರಿಪೋರ್ಟಿನಲ್ಲಿ ಹೊರಬರಬಹುದು. ಅದಕ್ಕೆ ಒಪ್ಪಿದವರಿಂದ ಮಾತ್ರ ಸ್ಯಾಂಪಲ್ ತೆಗೆದುಕೊಳ್ಳಿ.

ಡೇಟಾ ಎಲ್ಲಿ ಸಿಗುತ್ತದೆ

ದುಡ್ಡು ಕೊಟ್ಟು ಟೆಸ್ಟ್ ಮಾಡಿಸುವುದಾದರೆ ಎರಡು ಬಗೆ ಇದೆ. ಚಿಪ್ ಟೆಸ್ಟ್ ಅಗ್ಗ, ಆದರೆ ಅದು ಆಯ್ದ ಜಾಗಗಳನ್ನಷ್ಟೇ ಓದುತ್ತದೆ, ಆ ಜಾಗಗಳ ಆಯ್ಕೆಯಲ್ಲಿ ಯುರೋಪಿನವರಿಗೆ ಬೇಕಾದವು ಜಾಸ್ತಿ. ನಮ್ಮಲ್ಲಿ ಬಹಳ ಮಂದಿಗೆ ಚಿಪ್ ರಿಪೋರ್ಟಿನಲ್ಲಿ ಬರೀ "ಎಂ" (ತಾಯಿ ಸಾಲಿನ ಒಂದು ದೊಡ್ಡ ಗುಂಪು) ಎಂದು ಬಂದು ನಿಲ್ಲುವುದು ಇದರಿಂದಲೇ. ಪೂರ್ತಿ ಓದುವ ಟೆಸ್ಟ್ ಬೇಕಿದ್ದರೆ ಫ್ಯಾಮಿಲಿಟ್ರೀಡಿಎನ್‌ಎ ಕಂಪನಿಯಲ್ಲಿ ಮೈಟೊಕಾಂಡ್ರಿಯಾಕ್ಕೆ ಫುಲ್ ಸೀಕ್ವೆನ್ಸ್, ವೈಗೆ ಬಿಗ್ ವೈ-700 ಎಂಬವು ಇವೆ. ಇಡೀ ಜೀನೋಮ್ (ಒಬ್ಬರ ಪೂರ್ತಿ ಡಿಎನ್‌ಎ) ಓದಿಸಿದರೆ ಎರಡೂ ಅದರಲ್ಲೇ ಬರುತ್ತವೆ.

ಆದರೆ ಕಲಿಯುವುದಕ್ಕೆ ಟೆಸ್ಟ್ ಬೇಕಾಗಿಯೇ ಇಲ್ಲ. ಸಾವಿರ ಜೀನೋಮ್ ಯೋಜನೆಯಲ್ಲಿ 26 ಸಮುದಾಯಗಳ 2,504 ಜನರ ಡೇಟಾ ಪುಕ್ಕಟೆಯಾಗಿ ಸಿಗುತ್ತದೆ. ಅದರಲ್ಲಿ ಬ್ರಿಟನ್ನಿನಲ್ಲಿರುವ ತೆಲುಗರು, ಶ್ರೀಲಂಕಾ ತಮಿಳರು, ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು ಇದ್ದಾರೆ. ಕನ್ನಡಿಗರು ಎಂಬ ಗುಂಪು ಅದರಲ್ಲಿ ಇಲ್ಲ, ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್ ಓದಿದೆ, ಆ ಡೇಟಾ ಫರೀದಾಬಾದಿನ ಕೇಂದ್ರದಲ್ಲಿದೆ, ಸಂಶೋಧಕರು ಅರ್ಜಿ ಹಾಕಿ ಪಡೆಯಬೇಕು. ಬಿಡಿ ಮೈಟೊಕಾಂಡ್ರಿಯಾ ಸೀಕ್ವೆನ್ಸ್‌ಗಳು (ಓದಿದ ಅಕ್ಷರಗಳ ಸಾಲುಗಳು) ಜೆನ್‌ಬ್ಯಾಂಕ್ ಎಂಬ ಮುಕ್ತ ಡಿಎನ್‌ಎ ಭಂಡಾರದಲ್ಲಿ ರಾಶಿ ಇವೆ. ಹಳೆಯ ಮೂಳೆಗಳ ವಿವರಕ್ಕೆ ಹಾರ್ವರ್ಡಿನ ಡೇವಿಡ್ ರೈಕ್ ಅವರ ಲ್ಯಾಬು ಇಟ್ಟಿರುವ ಪ್ರಾಚೀನ ಡಿಎನ್‌ಎ ಪಟ್ಟಿ ನೋಡಿ. ಎಕ್ಸೆಲ್‌ನಲ್ಲೇ ತೆರೆಯಬಹುದು, ಪ್ರತಿ ಅಸ್ಥಿಯ ಊರು, ಕಾಲ, ಎರಡೂ ಹ್ಯಾಪ್ಲೊಗ್ರೂಪ್ ಕಾಲಂಗಳಲ್ಲಿ ಸಿಗುತ್ತವೆ. ಹೊಸಬರು ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎನ್ನುವುದು ನನ್ನ ಅಭಿಪ್ರಾಯ.

ತಾಯಿ ಸಾಲು ಓದುವುದು

ಮೈಟೊಕಾಂಡ್ರಿಯಾದ ಡಿಎನ್‌ಎ ಚಿಕ್ಕದು, 16,569 ಅಕ್ಷರ. 1981ರಲ್ಲಿ ಕೇಂಬ್ರಿಜ್‌ನಲ್ಲಿ ಇದನ್ನು ಪೂರ್ತಿ ಓದಿದರು, 1999ರಲ್ಲಿ ತಪ್ಪುಗಳನ್ನು ತಿದ್ದಿದರು. ಇಂದಿಗೂ ಎಲ್ಲರ ಸೀಕ್ವೆನ್ಸನ್ನೂ ಹೋಲಿಸುವುದು ಅದರ ಜೊತೆಗೇ. ನಿಮ್ಮ ಫಾಸ್ಟಾ ಅಥವಾ ವಿಸಿಎಫ್ ಫೈಲನ್ನು (ಡಿಎನ್‌ಎ ಡೇಟಾ ಬರುವ ಎರಡು ಬಗೆಯ ಫೈಲುಗಳು) ಹ್ಯಾಪ್ಲೊಗ್ರೆಪ್ ಎಂಬ ಸಾಫ್ಟ್‌ವೇರಿಗೆ ಹಾಕಿ. ಕೆಲವೇ ಸೆಕೆಂಡಿನಲ್ಲಿ ಹ್ಯಾಪ್ಲೊಗ್ರೂಪ್ ಹೇಳುತ್ತದೆ, ಪಕ್ಕದಲ್ಲೇ ಎಷ್ಟು ನಂಬಬಹುದು ಎಂಬ ಅಂಕವನ್ನೂ ಕೊಡುತ್ತದೆ. ಅಂಕ 0.9ಕ್ಕಿಂತ ಕಡಿಮೆ ಇದ್ದರೆ ಆ ಸ್ಯಾಂಪಲನ್ನು ಕೈಯಾರೆ ಪರೀಕ್ಷಿಸಿ.

ಕೈಯಾರೆ ಪರೀಕ್ಷಿಸುವುದನ್ನು ಎಲ್ಲರೂ ಒಮ್ಮೆಯಾದರೂ ಮಾಡಬೇಕು, ಇಲ್ಲದಿದ್ದರೆ ಈ ವಿದ್ಯೆ ಮೈಗೂಡುವುದಿಲ್ಲ. ಕೇಂಬ್ರಿಜ್‌ನ ಮೂಲಕ್ಕೂ ನಿಮ್ಮದಕ್ಕೂ ಇರುವ ವ್ಯತ್ಯಾಸಗಳ ಪಟ್ಟಿ ನೋಡಿ, ಅದರಲ್ಲಿನ ಸಂಖ್ಯೆ ಎಷ್ಟನೆಯ ಅಕ್ಷರ ಎಂಬುದನ್ನು ಹೇಳುತ್ತದೆ. 263, 750, 1438, 4769, 8860, 15326, ಈ ಜಾಗಗಳಲ್ಲಿ ಪ್ರಪಂಚದ ಹೆಚ್ಚುಕಡಿಮೆ ಎಲ್ಲರಿಗೂ ವ್ಯತ್ಯಾಸ ಕಾಣುತ್ತದೆ. ಏಕೆಂದರೆ ಅಪರೂಪದ್ದು ನಿಮ್ಮದಲ್ಲ, ಕೇಂಬ್ರಿಜ್‌ನ ಆ ಮೂಲ ಸೀಕ್ವೆನ್ಸೇ ಅಪರೂಪದ್ದು, ಅದು ಯುರೋಪಿನ ಎಚ್ ಗುಂಪಿನ ಒಂದು ಸಣ್ಣ ಕವಲಿಗೆ ಸೇರಿದ್ದು. ಹಾಗಾಗಿ ಪಟ್ಟಿಯಲ್ಲಿ ವ್ಯತ್ಯಾಸ ಜಾಸ್ತಿ ಇದ್ದರೆ ಅದು ದೋಷವೂ ಅಲ್ಲ, ರೋಗವೂ ಅಲ್ಲ. 16519, ಆಮೇಲೆ 303ರಿಂದ 315ರವರೆಗಿನ ಸಿ ಅಕ್ಷರಗಳ ಸಾಲು, ಇವು ಪದೇ ಪದೇ ಬದಲಾಗುವ ಜಾಗಗಳು, ಸಂಬಂಧ ಗುರುತಿಸಲು ಕೆಲಸಕ್ಕೆ ಬರುವುದಿಲ್ಲ. ಇನ್ನು 489, 10400, 14783, 15043 ನಾಲ್ಕರಲ್ಲೂ ಬದಲಾವಣೆ ಇದ್ದರೆ ನೀವು ಎಂ ಗುಂಪು. ಭಾರತದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇದೇ ಗುಂಪಿನವರು. ಹಳೆಯ ಪ್ರಬಂಧಗಳಲ್ಲಿ 16024ರಿಂದ ಮುಂದಿನ ಒಂದು ತುಂಡನ್ನಷ್ಟೇ ಓದಿರುತ್ತಾರೆ. ಅದರಲ್ಲಿ 16223ರಲ್ಲಿ ಟಿ ಕಂಡರೆ ಅದು ಆರ್ ಗುಂಪಲ್ಲ ಎಂದಷ್ಟೇ ಹೇಳಬಹುದು, ಎಂ ಎಂದು ಹೇಳಲು 10400 ನೋಡಲೇಬೇಕು. ಹಳೆಯ ಡೇಟಾ ಬಳಸುವ ವಿದ್ಯಾರ್ಥಿಗಳು ಎಡವುವುದು ಇಲ್ಲೇ.

ದೊಡ್ಡ ಮರದ ಚಿತ್ರ ಸರಳ. ಆಫ್ರಿಕಾದ ಎಲ್ ಗುಂಪುಗಳು ಬುಡದಲ್ಲಿವೆ. ಅದರಲ್ಲಿ ಎಲ್3 ಎಂಬ ಕೊಂಬೆಯಿಂದ ಎಂ ಮತ್ತು ಎನ್ ಹುಟ್ಟಿದವು, ಎನ್‌ನಿಂದ ಆರ್, ಆರ್‌ನಿಂದ ಯು, ಎಚ್ ಮುಂತಾದವು. ಆಫ್ರಿಕಾದ ಹೊರಗಿನ ಎಲ್ಲ ಹಳೆಯ ತಾಯಿ ಸಾಲುಗಳೂ ಎಂ ಅಥವಾ ಎನ್‌ಗೆ ಸೇರುತ್ತವೆ. ಎಂ2, ಎಂ3, ಎಂ5, ಎಂ6, ಆರ್5, ಆರ್6, ಯು2ಎ, ಯು2ಬಿ, ಯು2ಸಿ, ಇವೆಲ್ಲ ನಮ್ಮ ಉಪಖಂಡದಲ್ಲೇ ಬಹಳ ಹಿಂದಿನಿಂದ ಬೆಳೆದ ಕವಲುಗಳು. 1987ರಲ್ಲಿ ರೆಬೆಕ್ಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ 147 ಜನರ ಮೈಟೊಕಾಂಡ್ರಿಯಾ ಹೋಲಿಸಿ, ಮರದ ಬೇರು ಆಫ್ರಿಕಾದಲ್ಲಿ ಸುಮಾರು 2 ಲಕ್ಷ ವರ್ಷದ ಹಿಂದಿದೆ ಎಂದು ತೋರಿಸಿದರು. ಆ ತಾಯಿ ಆಗ ಇದ್ದ ಒಬ್ಬಳೇ ಹೆಂಗಸಲ್ಲ. ಉಳಿದವರ ಸಾಲುಗಳು ಎಲ್ಲೋ ಒಂದು ಕಡೆ ಹೆಣ್ಣುಮಕ್ಕಳಿಲ್ಲದೆ ನಿಂತುಹೋದವು, ಅವಳದು ಉಳಿಯಿತು.

ತಂದೆ ಸಾಲು ಓದುವುದು

ವೈ ತುಂಬ ದೊಡ್ಡದು. 2023ರಲ್ಲಷ್ಟೇ ಅದನ್ನು ತುದಿಯಿಂದ ತುದಿಗೆ ಓದಿ ಮುಗಿಸಿದರು, 6.2 ಕೋಟಿ ಅಕ್ಷರಕ್ಕೂ ಮೇಲೆ. ಇದರಲ್ಲಿ ಎರಡು ಬಗೆಯ ಗುರುತುಗಳನ್ನು ಬಳಸುತ್ತಾರೆ. ಒಂದೇ ಅಕ್ಷರ ಬದಲಾಗುವ ಎಸ್‌ಎನ್‌ಪಿ, ಸಣ್ಣ ತುಂಡು ಮತ್ತೆ ಮತ್ತೆ ಬರುವ ಎಸ್‌ಟಿಆರ್. ಕೊಂಬೆ ಯಾವುದೆಂದು ಹೇಳಲು ಎಸ್‌ಎನ್‌ಪಿಯನ್ನೇ ನಂಬಿ. ಎಸ್‌ಟಿಆರ್ ಬೇಗ ಬದಲಾಗುತ್ತದೆ, ಹತ್ತಿರದ ಸಂಬಂಧ ಹುಡುಕಲು ಒಳ್ಳೆಯದು, ಸಾವಿರಾರು ವರ್ಷದ ಲೆಕ್ಕಕ್ಕೆ ಬೇಡ. ಇಡೀ ಜೀನೋಮಿನ ಬ್ಯಾಮ್ ಫೈಲ್ ಇದ್ದರೆ ವೈಲೀಫ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಕೊಂಬೆ ಹುಡುಕಿಕೊಡುತ್ತದೆ, ವೈಫುಲ್ ಸಂಸ್ಥೆಯ ಮರದಲ್ಲಿ ಆ ಕೊಂಬೆಯ ವಯಸ್ಸು, ಅದರಲ್ಲಿರುವವರ ದೇಶ ನೋಡಬಹುದು.

ಹೆಸರುಗಳ ವಿಷಯದಲ್ಲಿ ಜೋಪಾನ. ಮರಕ್ಕೆ ಹೊಸ ಕೊಂಬೆ ಸೇರಿದ ಹಾಗೆಲ್ಲ ಹೆಸರು ಬದಲಾಗುತ್ತದೆ. 2011ರ ಪ್ರಬಂಧದಲ್ಲಿ ಒ2ಎ ಎಂದಿದ್ದದ್ದು ಈಗ ಒ1ಬಿ1ಎ1ಎ. ಎರಡೂ ಒಂದೇ ಎಂದು ಗೊತ್ತಾಗುವುದು ಎಂ95 ಎಂಬ ಎಸ್‌ಎನ್‌ಪಿ ಹೆಸರಿನಿಂದ (ಈ ಎಂಗೂ ತಾಯಿ ಸಾಲಿನ ಎಂ ಗುಂಪಿಗೂ ಸಂಬಂಧ ಇಲ್ಲ). ಹಾಗಾಗಿ ನಿಮ್ಮ ಟೇಬಲ್ಲಿನಲ್ಲಿ ಯಾವಾಗಲೂ ಅಕ್ಷರ ಮತ್ತು ಎಸ್‌ಎನ್‌ಪಿ ಎರಡನ್ನೂ ಬರೆಯಿರಿ: ಎಚ್-ಎಂ69, ಎಲ್-ಎಂ20, ಆರ್2-ಎಂ124, ಜೆ2-ಎಂ172, ಆರ್1ಎ-ಝಡ್93, ಹೀಗೆ. ದಕ್ಷಿಣ ಭಾರತದಲ್ಲಿ ಜಾಸ್ತಿ ಎದುರಾಗುವ ಗುಂಪುಗಳಲ್ಲಿ ಇವು ಮುಖ್ಯವಾದವು. ಇನ್ನೊಂದು, ಮೈಟೊಕಾಂಡ್ರಿಯಾದ ಎಚ್‌ಗೂ ವೈನ ಎಚ್‌ಗೂ ಯಾವ ಸಂಬಂಧವೂ ಇಲ್ಲ. ಎರಡು ಮರಗಳಿಗೆ ಬೇರೆ ಬೇರೆ ಜನ ಅದೇ ಅಕ್ಷರಮಾಲೆ ಬಳಸಿದರು ಅಷ್ಟೇ.

ಕಾಲ ಲೆಕ್ಕ ಹಾಕುವಾಗ

ಮೈಟೊಕಾಂಡ್ರಿಯಾ ಪೂರ್ತಿ ತೆಗೆದುಕೊಂಡರೆ ಸರಾಸರಿ 3,600 ವರ್ಷಕ್ಕೆ ಒಂದು ಬದಲಾವಣೆ ಎಂಬುದು ಬಳಕೆಯಲ್ಲಿರುವ ಲೆಕ್ಕ. ಒಂದು ಕೊಂಬೆಯ ಬುಡದಿಂದ ನಿಮ್ಮ ಸ್ಯಾಂಪಲ್‌ಗಳಿಗೆ ಸರಾಸರಿ 3 ಬದಲಾವಣೆ ಇದ್ದರೆ ಕೊಂಬೆಗೆ ಹತ್ತಿರ ಹತ್ತಿರ 11,000 ವರ್ಷ. ವೈನಲ್ಲಿ ವೈಫುಲ್ ತಾನು ಲೆಕ್ಕಕ್ಕೆ ಹಿಡಿಯುವ ಭಾಗದಲ್ಲಿ ಸುಮಾರು 144 ವರ್ಷಕ್ಕೆ ಒಂದು ಎಸ್‌ಎನ್‌ಪಿ ಎಂದು ಎಣಿಸುತ್ತದೆ. ಎಸ್‌ಟಿಆರ್‌ನಲ್ಲಿ ಎರಡು ಬಗೆಯ ವೇಗದ ಲೆಕ್ಕಗಳಿದ್ದು ಅವುಗಳ ನಡುವೆ ಮೂರು ಪಟ್ಟು ವ್ಯತ್ಯಾಸ ಇದೆ. ಆರ್1ಎ ಭಾರತದಲ್ಲಿ ಹತ್ತು ಸಾವಿರ ವರ್ಷಕ್ಕಿಂತ ಹಳೆಯದು ಎಂಬ ಹಳೆಯ ವಾದ ನಿಂತದ್ದು ಅದರಲ್ಲಿ ನಿಧಾನದ ವೇಗದ ಮೇಲೆ. ಪೂರ್ತಿ ವೈ ಓದಿದ ಮೇಲೆ ನಮ್ಮ ಕಡೆಯ ಆರ್1ಎ-ಝಡ್93 ಒಮ್ಮೆಲೇ ಹರಡಿದ್ದು ಸುಮಾರು 4,000ದಿಂದ 4,500 ವರ್ಷದ ಹಿಂದೆ ಎಂದು 2016ರ ಅಧ್ಯಯನ ತೋರಿಸಿತು.

ಕೊಂಬೆಯ ವಯಸ್ಸು ಬೇರೆ, ಆ ಕೊಂಬೆಯವರು ಒಂದು ಊರಿಗೆ ಬಂದ ಕಾಲ ಬೇರೆ. ಈ ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳನ್ನೇ ತೆಗೆದುಕೊಳ್ಳಿ. ಅವರಲ್ಲಿ ಆಫ್ರಿಕಾದ ಎಲ್ ಸಾಲುಗಳಿವೆ. ಎಲ್‌ನ ಬೇರೆ ಬೇರೆ ಕೊಂಬೆಗಳು ಒಂದರಿಂದೊಂದು ಅಗಲಿ ಎಷ್ಟೋ ಹತ್ತು ಸಾವಿರ ವರ್ಷಗಳಾಗಿವೆ. ಆ ವಯಸ್ಸನ್ನೇ ವಲಸೆಯ ಕಾಲ ಎಂದುಕೊಂಡರೆ ಸಿದ್ದಿಗಳು ಶಿಲಾಯುಗದಲ್ಲಿ ಇಲ್ಲಿಗೆ ಬಂದರು ಎಂದಾಗುತ್ತದೆ. ಅವರ ಹಿರಿಯರನ್ನು ಅರಬ್ಬರು, ಪೋರ್ಚುಗೀಸರು ಗುಲಾಮರಾಗಿ ಹಡಗಿನಲ್ಲಿ ತಂದದ್ದು ಕೆಲವೇ ಶತಮಾನಗಳ ಹಿಂದೆ. ಹೊರಡುವಾಗಲೇ ಅವರಲ್ಲಿ ಹಲವು ಹಳೆಯ ಕೊಂಬೆಗಳಿದ್ದವು. ಬಂದ ಕಾಲ ತಿಳಿಯಬೇಕಾದರೆ ಬಂದ ಮೇಲೆ ಇಲ್ಲಿ ಹುಟ್ಟಿದ ಹೊಸ ಕವಲುಗಳನ್ನಷ್ಟೇ ಎಣಿಸಬೇಕು, ಇಲ್ಲವೇ ಇಡೀ ಜೀನೋಮ್ ನೋಡಬೇಕು. 2011ರಲ್ಲಿ ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಸ್ಥೆಯ ತಂಡ ಅದನ್ನೇ ಮಾಡಿ, ಸ್ಥಳೀಯರ ಜೊತೆ ಅವರು ಬೆರೆತದ್ದು ಸುಮಾರು 200 ವರ್ಷಗಳಿಂದೀಚೆಗೆ ಎಂದು ಹೇಳಿತು.

ಎರಡನ್ನೂ ಪಕ್ಕಪಕ್ಕ ಇಡಿ

ಈಗ ನಿಜವಾದ ಕೆಲಸ. ಒಂದು ಸಮುದಾಯದ ಪ್ರತಿ ಸ್ಯಾಂಪಲಿಗೂ ಎರಡು ಕಾಲಂ ಬರೆಯಿರಿ, ತಾಯಿ ಸಾಲು ಯಾವ ಪ್ರದೇಶದ್ದು, ತಂದೆ ಸಾಲು ಯಾವ ಪ್ರದೇಶದ್ದು. ಎರಡೂ ಶೇಕಡಾವಾರು ಹತ್ತಿರ ಇದ್ದರೆ ಬಂದವರು ಕುಟುಂಬ ಸಮೇತ ಬಂದಿರಬಹುದು. ದೂರ ಇದ್ದರೆ ಅಲ್ಲೇ ಕಥೆ ಇದೆ.

ಕೊಲಂಬಿಯಾದ ಆಂಟಿಯೋಕಿಯಾ ಪ್ರಾಂತ್ಯದಲ್ಲಿ 2000ದಲ್ಲಿ ಮಾಡಿದ ಅಧ್ಯಯನದಲ್ಲಿ ವೈ ಸಾಲುಗಳಲ್ಲಿ ಶೇ. 94 ಯುರೋಪಿನವು, ತಾಯಿ ಸಾಲುಗಳಲ್ಲಿ ಶೇ. 90 ಅಮೆರಿಕದ ಮೂಲನಿವಾಸಿಗಳವು. ಅದೇ ಜನರ ಎರಡು ಸಾಲುಗಳು ಅವು! ಸ್ಪೇನಿನಿಂದ ಗಂಡಸರು ಬಂದರು, ಅಲ್ಲಿನ ಗಂಡಸರ ಸಾಲು ಅಳಿಯಿತು, ಹೆಂಗಸರ ಸಾಲು ಉಳಿಯಿತು. ಆ ಎರಡು ಅಂಕಿಗಳ ಹಿಂದೆ ಎಷ್ಟು ಹಿಂಸೆ ಇದ್ದಿರಬೇಕು ಎನ್ನುವುದನ್ನು ಟೇಬಲ್ ನೋಡುವಾಗಲೂ ಮರೆಯಬಾರದು.

ನಮ್ಮಲ್ಲೇ ಮುಂಡಾ ಭಾಷೆಗಳನ್ನು ಆಡುವ ಸಂತಾಲ, ಮುಂಡಾ, ಹೋ ಜನರನ್ನು ನೋಡಿ. ಅವರ ಗಂಡಸರಲ್ಲಿ ಜಾಸ್ತಿ ಕಾಣುವ ಒ-ಎಂ95 ಆಗ್ನೇಯ ಏಷ್ಯಾದ ಸಾಲು, ತಾಯಿ ಸಾಲುಗಳು ಹೆಚ್ಚುಕಡಿಮೆ ಎಲ್ಲವೂ ಭಾರತದವು. ಭಾಷೆ ಬಂದದ್ದು ಆಗ್ನೇಯ ಏಷ್ಯಾ ಕಡೆಯಿಂದ, ತಂದವರಲ್ಲಿ ಗಂಡಸರೇ ಹೆಚ್ಚು ಎಂದು ಹೇಳುವುದು ಇದರಿಂದ. ಅದೇ ಭಾಷಾಕುಟುಂಬಕ್ಕೆ ಸೇರಿದ ಮೇಘಾಲಯದ ಖಾಸಿಗಳಲ್ಲಿ ತಾಯಿ ಸಾಲಿನಲ್ಲೂ ಪೂರ್ವ ಏಷ್ಯಾದ ಪಾಲು ಗಣನೀಯವಾಗಿದೆ. ಒಂದೇ ಭಾಷಾಕುಟುಂಬ, ಎರಡು ಬೇರೆ ಚರಿತ್ರೆ. ಪಾರ್ಸಿಗಳಲ್ಲೂ ಹೀಗೇ, ತಂದೆ ಸಾಲು ಇರಾನಿನ ಕಡೆಗೆ, ತಾಯಿ ಸಾಲು ಬಹುಪಾಲು ಈ ಉಪಖಂಡದ ಕಡೆಗೆ ವಾಲುತ್ತದೆ.

ಆದರೆ ವ್ಯತ್ಯಾಸ ಕಂಡ ಕೂಡಲೇ ದಂಡಯಾತ್ರೆ ಎನ್ನಬೇಡಿ. ಮದುವೆಯಾದ ಮೇಲೆ ಯಾರು ಮನೆ ಬಿಟ್ಟು ಹೋಗುತ್ತಾರೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಥಾಯ್ಲೆಂಡಿನ ಗುಡ್ಡಗಾಡು ಜನರಲ್ಲಿ 2001ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಗಂಡು ಹೆಣ್ಣಿನ ಮನೆಗೆ ಹೋಗುವ ಊರುಗಳಲ್ಲಿ ಮೈಟೊಕಾಂಡ್ರಿಯಾದ ವೈವಿಧ್ಯ ಕಡಿಮೆ, ವೈನದು ಜಾಸ್ತಿ. ಹೆಣ್ಣು ಗಂಡನ ಮನೆಗೆ ಹೋಗುವ ಊರುಗಳಲ್ಲಿ ಇದರ ಉಲ್ಟಾ. ನಿಮ್ಮ ಸಮುದಾಯದ ಪದ್ಧತಿ ಏನು ಎಂದು ಹಿರಿಯರನ್ನು ಕೇಳದೆ ಟೇಬಲ್ ಓದಲು ಹೋಗಬೇಡಿ. ಸಮುದಾಯ ಚಿಕ್ಕದಾಗಿದ್ದರೆ ಇನ್ನೂ ಕಷ್ಟ. ಮೂರ್ನಾಲ್ಕು ಮನೆಗಳಿಂದ ಬೆಳೆದ ಊರಿನಲ್ಲಿ ಒಂದು ಅಪರೂಪದ ಸಾಲು ಸುಮ್ನೆ ಆಕಸ್ಮಿಕವಾಗಿ ಅರ್ಧ ಊರಿನದಾಗಿಬಿಡಬಹುದು. ಹಾಗಾಗಿ ಶೇಕಡಾವಾರು ಜೊತೆಗೆ ಆ ಕೊಂಬೆಯೊಳಗೆ ಎಷ್ಟು ಕವಲುಗಳಿವೆ ಎಂದೂ ನೋಡಿ. ಕವಲು ಜಾಸ್ತಿ ಇರುವ ಜಾಗವೇ ಹಳೆಯ ಬೀಡು ಆಗಿರುವ ಸಾಧ್ಯತೆ ಹೆಚ್ಚು, ತಲೆ ಎಣಿಕೆ ಜಾಸ್ತಿ ಇರುವ ಜಾಗವಲ್ಲ.

ಎಲ್ಲಿ ನಿಲ್ಲಿಸಬೇಕು

ಹತ್ತು ತಲೆಮಾರು ಹಿಂದೆ ಹೋದರೆ ನಿಮಗೆ 1,024 ಹಿರಿಯರ ಸ್ಥಾನ ಇದೆ, ಸೋದರ ಸಂಬಂಧದ ಮದುವೆಗಳಿದ್ದರೆ ಒಬ್ಬರೇ ಎರಡು ಮೂರು ಕಡೆ ಬರುತ್ತಾರೆ. ಅದರಲ್ಲಿ ಮೈಟೊಕಾಂಡ್ರಿಯಾ ಒಬ್ಬರದು, ವೈ ಒಬ್ಬರದು. ಉಳಿದ ಸಾವಿರಕ್ಕೂ ಹೆಚ್ಚು ಸ್ಥಾನಗಳ ಬಗ್ಗೆ ಇವೆರಡೂ ಏನೂ ಹೇಳುವುದಿಲ್ಲ. ಹರಿಯಾಣದ ರಾಖಿಗಢಿಯಲ್ಲಿ ಸಿಂಧೂ ನಾಗರಿಕತೆಯ ಕಾಲದ ಒಬ್ಬ ಹೆಂಗಸಿನ ಅಸ್ಥಿಯಿಂದ ಡಿಎನ್‌ಎ ಸಿಕ್ಕಿತು, ಅವಳ ತಾಯಿ ಸಾಲು ಯು2ಬಿ2, ನಮ್ಮ ಉಪಖಂಡದಲ್ಲಿ ಇಂದಿಗೂ ಇರುವ ಸಾಲು. ಅಷ್ಟರಿಂದಲೇ ಸಿಂಧೂ ಜನರ ಮೂಲ ಹೇಳಲಾಗದು. ಹೆಂಗಸಾದ್ದರಿಂದ ವೈ ಇಲ್ಲ. ಅವಳಲ್ಲಿ ಇರಾನಿನ ಕಡೆಯ ಜನರಿಗೆ ದೂರದ ನಂಟಿರುವ ಪಾಲೂ ಇಲ್ಲಿನ ಹಳೆಯ ಬೇಟೆಗಾರರ ಪಾಲೂ ಇತ್ತು, ಯುರೇಷಿಯಾದ ಸ್ಟೆಪ್ ಹುಲ್ಲುಗಾವಲಿನ ಪಶುಪಾಲಕರ ಪಾಲು ಇರಲಿಲ್ಲ ಎಂದು 2019ರಲ್ಲಿ ಗೊತ್ತಾದದ್ದು ಇಡೀ ಜೀನೋಮಿನಿಂದ. ಅದೇ ವರ್ಷ ಹಿಮಾಲಯದ ರೂಪಕುಂಡ ಸರೋವರದಲ್ಲಿ ಸಿಕ್ಕ ಅಸ್ಥಿಗಳ ಫಲಿತಾಂಶವೂ ಬಂತು. ಜೀನೋಮ್ ಸಿಕ್ಕ 38 ಜನರಲ್ಲಿ 23 ಮಂದಿ ದಕ್ಷಿಣ ಏಷ್ಯಾದವರು, 14 ಮಂದಿ ಪೂರ್ವ ಮೆಡಿಟರೇನಿಯನ್ ಕಡೆಯವರು, ಒಬ್ಬರು ಆಗ್ನೇಯ ಏಷ್ಯಾದವರು. ಮೊದಲ ಗುಂಪು ಕ್ರಿ.ಶ. 800ರ ಆಸುಪಾಸಿನದು, ಉಳಿದವರು 1800ರ ಆಸುಪಾಸಿನವರು. ಇದನ್ನು ಬಿಡಿಸಲು ಜೀನೋಮ್, ಕಾರ್ಬನ್ ಡೇಟಿಂಗ್, ಮೂಳೆಯಿಂದ ಆಹಾರ ಪತ್ತೆ ಮಾಡುವ ಐಸೋಟೋಪ್ ಮೂರೂ ಬೇಕಾದವು.

ಹಾಗಾಗಿ ಹ್ಯಾಪ್ಲೊಗ್ರೂಪಿಗೆ ಜಾತಿಯ ಹೆಸರು, ಭಾಷೆಯ ಹೆಸರು ಅಂಟಿಸಬೇಡಿ. ಆರ್1ಎ ಬ್ರಾಹ್ಮಣರಲ್ಲಿದೆ, ಬುಡಕಟ್ಟುಗಳಲ್ಲೂ ಇದೆ. ಎಂ ಗುಂಪು ಎಲ್ಲರಲ್ಲೂ ಇದೆ. "ದ್ರಾವಿಡ ವೈ", "ಆರ್ಯ ವೈ" ಎಂದು ಬರೆದ ರಿಪೋರ್ಟ್ ಕಂಡರೆ ಆ ಭಾಗವನ್ನು ಬಿಟ್ಟು ಎಸ್‌ಎನ್‌ಪಿ ಪಟ್ಟಿಯನ್ನಷ್ಟೇ ತೆಗೆದುಕೊಳ್ಳಿ.

ಕೊನೆಗೆ ಫೈಲುಗಳ ವಿಷಯ. ಟೆಸ್ಟ್ ಮಾಡಿಸಿದ ಕೂಡಲೇ ಮೂಲ ಡೇಟಾ ಇಳಿಸಿಕೊಂಡು ಪಾಸ್‌ವರ್ಡ್ ಹಾಕಿ ಇಟ್ಟುಕೊಳ್ಳಿ. ಟ್ವೆಂಟಿಥ್ರೀ ಆಂಡ್ ಮಿಯಂಥ ದೊಡ್ಡ ಕಂಪನಿಯಿಂದಲೇ 2023ರಲ್ಲಿ ಲಕ್ಷಾಂತರ ಜನರ ಮಾಹಿತಿ ಕಳುವಾಯಿತು, 2025ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ನಿಮ್ಮ ಡಿಎನ್‌ಎಯಲ್ಲಿ ಅಣ್ಣ ತಮ್ಮಂದಿರ, ಮಕ್ಕಳ ಗುಟ್ಟೂ ಇರುತ್ತದೆ, ಅಪ್‌ಲೋಡ್ ಮಾಡುವ ಮೊದಲು ಅವರನ್ನೂ ಒಂದು ಮಾತು ಕೇಳಿ. ವಿದ್ಯಾರ್ಥಿಗಳು ಸ್ಯಾಂಪಲ್ ತೆಗೆಯುವ ಮೊದಲೇ ಕಾಲೇಜಿನ ನೀತಿ ಸಮಿತಿಯ ಒಪ್ಪಿಗೆ ಪಡೆಯಬೇಕು, ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಬೇಕು, ತುಳು, ಕೊಂಕಣಿ, ಕೊಡವ ಮಾತಾಡುವವರಿಗೆ ಅವರ ಮಾತಿನಲ್ಲೇ ಓದಿ ಹೇಳಬೇಕು. ಫಲಿತಾಂಶ ಬಂದ ಮೇಲೆ ಅದೇ ಊರಿಗೆ ವಾಪಸ್ ಹೋಗಿ, ಎಂಜಲು ಕೊಟ್ಟವರನ್ನು ಕೂರಿಸಿಕೊಂಡು, ಏನು ಸಿಕ್ಕಿತು ಎಂದು ಅವರಿಗೇ ಮೊದಲು ಹೇಳಿ.